ರಾಜನ ಮೇಜು, ಬಡಗಿಯ ಹೆಸರು

(ಮೈಸೂರಿನಲ್ಲಿ ಮರಗೆಲಸ ಮತ್ತು ಇನ್‌ಲೇ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳಿವು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ. ಅಂದು ಚಿತ್ರ ತೋರಿಸಿದ ಕಡೆ ಒಂದೆರಡು ಸಾಲು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಚಿತ್ರ ನೋಡಿ. ಪ್ಯಾರಿಸ್ ಹತ್ತಿರದ ವೆರ್ಸೈ ಅರಮನೆಯಲ್ಲಿ 15ನೇ ಲೂಯಿ ರಾಜನ ಖಾಸಗಿ ಕೋಣೆ ಇದು. ನಡುವೆ ಕಾಣುವುದು ಅವನು ಬರೆಯಲು ಕೂರುತ್ತಿದ್ದ ಮೇಜು. ಫ್ರಾನ್ಸಿನವರು ಇದನ್ನು ‘ಬ್ಯೂರೋ ದ್ಯು ರುವಾ’ ಎನ್ನುತ್ತಾರೆ. ರಾಜನ ಮೇಜು ಎಂದಷ್ಟೇ ಅರ್ಥ. ಕೆಲಸ ಶುರುವಾದದ್ದು 1760ರಲ್ಲಿ, ಮುಗಿದದ್ದು 1769ರಲ್ಲಿ. ಒಂದು ಮೇಜಿಗೆ ಒಂಬತ್ತು ವರ್ಷ.

ನಾನು ಇದರ ಮುಂದೆ ನಿಂತಾಗ ಸುತ್ತಲಿದ್ದವರೆಲ್ಲ ಮೇಲಿನ ಗಡಿಯಾರ ನೋಡುತ್ತಿದ್ದರು, ದೀಪ ಹಿಡಿದ ಕಂಚಿನ ಗೊಂಬೆಗಳನ್ನು ನೋಡುತ್ತಿದ್ದರು. ನನಗೆ ಕುತೂಹಲ ಇದ್ದದ್ದು ಪಕ್ಕದ ಪುಟ್ಟ ಡ್ರಾಯರ್‌ಗಳ ಮೇಲೆ. ಅವು ಮಸಿಕುಡಿಕೆ ಇಡುವ ಡ್ರಾಯರ್‌ಗಳು. ಈ ಮೇಜಿಗೆ ಉರುಳುವ ಮುಚ್ಚಳ ಇದೆ. ಕೀಲಿಯನ್ನು ಕಾಲು ಸುತ್ತು ತಿರುಗಿಸಿದರೆ ಸಾಕು, ಮುಚ್ಚಳದ ಬೀಗವೂ ಡ್ರಾಯರ್‌ಗಳ ಬೀಗವೂ ಒಟ್ಟಿಗೆ ಬಿಡುತ್ತವೆ. ಆ ಕೀಲಿ ರಾಜನ ಕೈಯಲ್ಲಿ. ಆದರೆ ಮಸಿ ಮುಗಿದರೆ ಆಳು ಬಂದು ತುಂಬಬೇಕು, ಅಲ್ವಾ? ಹಾಗಾಗಿ ಮಸಿಯ ಡ್ರಾಯರ್ ಮಾತ್ರ ಬೀಗ ಹಾಕಿದ್ದಾಗಲೂ ಹೊರಗಿನಿಂದ ತೆರೆಯುತ್ತದೆ. ಆಳು ಮಸಿ ತುಂಬಬಹುದು, ರಾಜನ ಕಾಗದ ನೋಡುವ ಹಾಗಿಲ್ಲ.

ಈ ರಾಜ ತನ್ನ ಮಂತ್ರಿಗಳಿಗೂ ತಿಳಿಸದೆ ಬೇರೆ ದೇಶಗಳ ಜೊತೆ ಗುಟ್ಟಾಗಿ ಪತ್ರ ವ್ಯವಹಾರ ನಡೆಸುತ್ತಿದ್ದವನು. ಅಂಥವನಿಗೆ ಏನು ಬೇಕೆಂದು ಒಬ್ಬ ಬಡಗಿ ಕೂತು ಯೋಚಿಸಿದ್ದಾನೆ. ನಾನು ಇವತ್ತು ಮಾತಾಡಬೇಕೆಂದು ಬಂದಿರುವುದು ಆ ಬಡಗಿಯ ಬಗ್ಗೆ. ಬಡಗಿಯರ ಬಗ್ಗೆ ಎನ್ನಬೇಕು. ಯಾಕೆಂದರೆ ಈ ಮೇಜು ಶುರು ಮಾಡಿದವನು ಒಬ್ಬ, ಮುಗಿಸಿದವನು ಇನ್ನೊಬ್ಬ.

ಒಂದು ಪದದಿಂದ ಶುರು ಮಾಡೋಣ. ನಮ್ಮಲ್ಲಿ ಬಾಗಿಲು ಮಾಡುವವನೂ ಬಡಗಿ, ಬೀರು ಮಾಡುವವನೂ ಬಡಗಿ. ಪ್ಯಾರಿಸ್ಸಿನಲ್ಲಿ ಹಾಗಿರಲಿಲ್ಲ. ಗಟ್ಟಿ ಮರದಲ್ಲಿ ಕುರ್ಚಿ, ಮಂಚ ಮಾಡುವವನು ‘ಮೆನ್ಯೂಸಿಯೆ’. ಮರದ ಮೈಮೇಲೆ ಬೆಲೆಬಾಳುವ ಮರದ ತೆಳು ಹಾಳೆ ಅಂಟಿಸಿ ಬೀರು, ಮೇಜು ಮಾಡುವವನು ‘ಎಬೆನಿಸ್ತ್’. ಎಬೆನ್ ಎಂದರೆ ಎಬೊನಿ, ನಮ್ಮ ಕರಿಮರ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಶ್ರೀಮಂತರಿಗೆ ಕಪ್ಪು ಬೀರುಗಳ ಹುಚ್ಚು ಹಿಡಿದಿತ್ತು. ಕರಿಮರ ದೂರದಿಂದ ಹಡಗಿನಲ್ಲಿ ಬರಬೇಕು, ತುಂಬಾ ದುಬಾರಿ. ಹಾಗಾಗಿ ಒಳಗೆ ಸಾಮಾನ್ಯ ಮರ, ಮೇಲೆ ಕರಿಮರದ ಹಾಳೆ. ಆಮೇಲೆ ಕಪ್ಪಿನ ಕಾಲ ಮುಗಿಯಿತು, ಬಣ್ಣಬಣ್ಣದ ಮರಗಳು ಬಂದವು. ಎಬೆನಿಸ್ತ್ ಎಂಬ ಹೆಸರು ಮಾತ್ರ ಉಳಿಯಿತು. ಇವತ್ತಿಗೂ ಫ್ರಾನ್ಸಿನಲ್ಲಿ ಒಳ್ಳೆಯ ಪೀಠೋಪಕರಣ ಮಾಡುವವನು ಎಬೆನಿಸ್ತ್‌ನೇ.

ಇಲ್ಲಿ ಇನ್‌ಲೇ ಕಲಿಯುವವರಿಗೆ ಒಂದು ಮಾತು. ನೀವು ಮಾಡುವ ಕೆಲಸಕ್ಕೂ ಅವರ ಕೆಲಸಕ್ಕೂ ವ್ಯತ್ಯಾಸ ಇದೆ. ನೀವು ಬೀಟೆ ಮರದ ಹಲಗೆಯಲ್ಲಿ ಉಳಿಯಿಂದ ಗುಳಿ ತೆಗೆದು, ಅದರೊಳಗೆ ಬೇರೆ ಬಣ್ಣದ ಮರದ ಚೂರು ಕೂರಿಸುತ್ತೀರಿ. ಅವರು ಗುಳಿ ತೆಗೆಯುವುದಿಲ್ಲ. ಹೂವು, ಎಲೆ, ಅದರ ಸುತ್ತಲಿನ ನೆಲ, ಎಲ್ಲವೂ ತೆಳು ಹಾಳೆಗಳೇ. ಎಲ್ಲ ಚೂರುಗಳನ್ನೂ ಜೋಡಿಸಿ ಇಡೀ ಚಿತ್ರ ಸಿದ್ಧವಾದ ಮೇಲೆ, ಒಟ್ಟಾಗಿ ಓಕ್ ಮರದ ಮೈಗೆ ಬಿಸಿ ಅಂಟಿನಿಂದ ಅಂಟಿಸುತ್ತಾರೆ. ಇದಕ್ಕೆ ಮಾರ್ಕೆಟ್ರಿ ಎಂದು ಹೆಸರು. ಎಲೆಗೆ ನೆರಳು ಬೇಕಾದರೆ ಚೂರನ್ನು ಕಾದ ಮರಳಿನಲ್ಲಿ ಅದ್ದುತ್ತಾರೆ. ಒಂದು ಅಂಚು ಮೆಲ್ಲಗೆ ಸುಟ್ಟು ಕಂದಾಗುತ್ತದೆ. ಒಂದು ಕ್ಷಣ ಜಾಸ್ತಿ ಇಟ್ಟರೆ ಚೂರು ಹಾಳು.

ಈ ಕೆಲಸದ ಮೊದಲ ದೊಡ್ಡ ಹೆಸರು ಆಂದ್ರೆ-ಶಾರ್ಲ್ ಬೂಲ್. ಹುಟ್ಟಿದ್ದು 1642ರಲ್ಲಿ. ಆಗ ಫ್ರಾನ್ಸಿನಲ್ಲಿ ಪೀಠೋಪಕರಣ ಎಂದರೆ ರಾಜ್ಯದ ಕೆಲಸವಾಗಿತ್ತು. 14ನೇ ಲೂಯಿಯ ಮಂತ್ರಿ ಕೋಲ್ಬೆರ್ ಗೋಬೆಲಾಂ ಎಂಬಲ್ಲಿ ರಾಜರ ಕಾರ್ಖಾನೆ ಕಟ್ಟಿಸಿದ. ಲ ಬ್ರೂನ್ ಎಂಬ ಚಿತ್ರಕಾರ ಅದರ ಮುಖ್ಯಸ್ಥ. ನೇಯ್ಗೆಯವರು, ಬೆಳ್ಳಿ ಕೆಲಸದವರು, ಮರಗೆಲಸದವರು ಎಲ್ಲರೂ ಒಂದೇ ಕಡೆ. ವೆರ್ಸೈ ಅರಮನೆಗೆ ಅವರು ಬೆಳ್ಳಿಯ ಮೇಜುಗಳನ್ನೇ ಮಾಡಿಕೊಟ್ಟಿದ್ದರು. 1689ರಲ್ಲಿ ಯುದ್ಧಕ್ಕೆ ಹಣ ಸಾಲದೆ ರಾಜ ಆ ಬೆಳ್ಳಿಯನ್ನೆಲ್ಲ ಕರಗಿಸಿ ನಾಣ್ಯ ಮಾಡಿಸಿದ. ಬೆಳ್ಳಿ ಸಾಮಾನಿಗೆ ಆ ಗಂಡಾಂತರ ಯಾವಾಗಲೂ ಇದ್ದದ್ದೇ. ಮರ ಕರಗಿಸಲು ಬರುವುದಿಲ್ಲ. ಬೂಲ್‌ನ ಕೆಲಸ ನಮಗೆ ಉಳಿದುಬಂದದ್ದಕ್ಕೆ ಇದೂ ಒಂದು ಕಾರಣ.

1672ರಲ್ಲಿ ಬೂಲ್ ರಾಜನ ಎಬೆನಿಸ್ತ್ ಆದ. ಲೂವ್ರ್ ಅರಮನೆಯಲ್ಲೇ ಅವನಿಗೆ ಮನೆ, ಕಾರ್ಯಾಗಾರ ಸಿಕ್ಕಿತು. ಅವನು ಬಳಸಿದ್ದು ಹಿತ್ತಾಳೆ ತಗಡು ಮತ್ತು ಆಮೆಯ ಚಿಪ್ಪು. ಅವನ ವಿಧಾನ ನಿಧಾನವಾಗಿ ಹೇಳುತ್ತೇನೆ, ನಿಮಗೆ ಇದು ಇಷ್ಟವಾಗುತ್ತದೆ. ಹಿತ್ತಾಳೆ ತಗಡು ಒಂದು, ಚಿಪ್ಪಿನ ಹಾಳೆ ಒಂದು. ಎರಡನ್ನೂ ಒಂದರ ಮೇಲೊಂದು ಅಂಟಿಸಿ, ಮೇಲೆ ನಕ್ಷೆಯ ಕಾಗದ ಹಚ್ಚಿ, ಕೂದಲಿನಂಥ ಗರಗಸದಿಂದ ಒಟ್ಟಿಗೆ ಕೊರೆಯುವುದು. ಆಮೇಲೆ ಬಿಡಿಸಿದರೆ ಏನು ಸಿಗುತ್ತದೆ? ಹಿತ್ತಾಳೆಯ ಬಳ್ಳಿ, ಹಿತ್ತಾಳೆಯ ನೆಲ. ಚಿಪ್ಪಿನ ಬಳ್ಳಿ, ಚಿಪ್ಪಿನ ನೆಲ. ಹಿತ್ತಾಳೆಯ ಬಳ್ಳಿಯನ್ನು ಚಿಪ್ಪಿನ ನೆಲದಲ್ಲಿ ಕೂರಿಸಿದರೆ ಒಂದು ಫಲಕ. ಉಳಿದ ಚಿಪ್ಪಿನ ಬಳ್ಳಿಯನ್ನು ಹಿತ್ತಾಳೆಯ ನೆಲದಲ್ಲಿ ಕೂರಿಸಿದರೆ ಇನ್ನೊಂದು. ಒಂದು ಚೂರೂ ವ್ಯರ್ಥವಾಗುವುದಿಲ್ಲ. ಒಂದೇ ಕೊರೆತಕ್ಕೆ ಎರಡು ಫಲಕ, ಒಂದು ಇನ್ನೊಂದರ ತಿರುವುಮುರುವು. ಹಾಗಾಗಿಯೇ ಬೂಲ್ ಕೆಲಸದ ಬೀರುಗಳು ಜೋಡಿಯಾಗಿ ಸಿಗುತ್ತವೆ.

ತೊಂದರೆಯೂ ಇದೆ. ಹಿತ್ತಾಳೆ, ಚಿಪ್ಪು, ಮರ, ಮೂರೂ ಬಿಸಿಲಿಗೆ, ತೇವಕ್ಕೆ ಬೇರೆ ಬೇರೆ ರೀತಿ ಹಿಗ್ಗಿ ಕುಗ್ಗುತ್ತವೆ. ನೂರು ವರ್ಷ ಕಳೆದರೆ ಹಿತ್ತಾಳೆ ಅಂಚು ಬಿಟ್ಟು ಮೇಲೇಳುತ್ತದೆ. ಇವತ್ತು ಮ್ಯೂಸಿಯಂಗಳಲ್ಲಿ ಇವನ್ನು ರಿಪೇರಿ ಮಾಡುವವರ ದೊಡ್ಡ ತಲೆನೋವೇ ಇದು. ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಚಿಪ್ಪು ಬಂದದ್ದು ಕಡಲಾಮೆಗಳಿಂದ. ಇವತ್ತು ಆ ಆಮೆಗಳು ಅಳಿವಿನ ಅಂಚಿನಲ್ಲಿವೆ. ಚಿಪ್ಪಿನ ವ್ಯಾಪಾರಕ್ಕೆ ಈಗ ತಡೆ ಇದೆ. ಇರಲೇಬೇಕು.

1708ರಲ್ಲಿ ಬೂಲ್ ವೆರ್ಸೈ ಪಕ್ಕದ ಗ್ರಾಂ ತ್ರಿಯಾನೋಂ ಅರಮನೆಗೆ ಡ್ರಾಯರ್ ಇರುವ ಒಂದು ಜೋಡಿ ಬೀರು ಮಾಡಿಕೊಟ್ಟ. ತ್ರಿಯಾನೋಂ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಬರುತ್ತದೆ. ಕೈತುಂಬಾ ಕೆಲಸ ಇದ್ದರೂ ಅವನು ಸಾಲದಲ್ಲೇ ಬದುಕಿದ. ಚಿತ್ರ, ರೇಖಾಚಿತ್ರ ಕೂಡಿಡುವ ಆಸೆ ವಿಪರೀತ. 1720ರಲ್ಲಿ ಕಾರ್ಯಾಗಾರಕ್ಕೆ ಬೆಂಕಿ ಬಿತ್ತು. ಕೂಡಿಟ್ಟದ್ದೂ ಹೋಯಿತು, ಅರ್ಧ ಮುಗಿದ ಕೆಲಸವೂ ಹೋಯಿತು. ಆಗ ಅವನಿಗೆ 77 ವರ್ಷ. ಅದಾದ ಮೇಲೂ ಹನ್ನೊಂದು ವರ್ಷ ಬದುಕಿದ್ದ.

ಈಗ ಬಡಗಿಯರ ಸಂಘದ ಕಟ್ಟುಪಾಡಿಗೆ ಬರೋಣ. ಅದು ತಿಳಿಯದೆ ಈ ಪೀಠೋಪಕರಣ ಅರ್ಥವಾಗುವುದಿಲ್ಲ.

ಪ್ಯಾರಿಸ್ಸಿನಲ್ಲಿ ಒಂದೊಂದು ಕಸುಬಿಗೂ ಒಂದೊಂದು ಸಂಘ. ಮರ ಮುಟ್ಟುವವನು ಕಂಚು ಎರಕ ಹೊಯ್ಯುವ ಹಾಗಿಲ್ಲ. ಎರಕ ಹೊಯ್ಯುವವನು ಚಿನ್ನದ ಮುಲಾಮು ಹಾಕುವ ಹಾಗಿಲ್ಲ. ಒಂದು ಕುರ್ಚಿಯನ್ನೇ ತೆಗೆದುಕೊಳ್ಳಿ. ಚೌಕಟ್ಟು ಮಾಡುವವನು ಒಬ್ಬ, ಹೂವು ಕೆತ್ತುವವನು ಇನ್ನೊಬ್ಬ. ಚಿನ್ನದ ರೇಕು ಹಚ್ಚಲು ಬೇರೆ ಆಳು, ಮೆತ್ತೆ ಬಟ್ಟೆ ಹೊಲಿಯಲು ಮತ್ತೆ ಬೇರೆಯವನು. ಶಾರ್ಲ್ ಕ್ರೆಸಾಂ ಎಂಬ ಎಬೆನಿಸ್ತ್ ಶಿಲ್ಪ ಕಲಿತವನು. ತನ್ನ ಬೀರುಗಳ ಕಂಚನ್ನು ತಾನೇ ಎರಕ ಹೊಯ್ದ. ಎರಕದವರ ಸಂಘ ಅವನ ಮೇಲೆ ಒಂದಲ್ಲ ಹಲವು ಸಲ ದೂರು ಕೊಟ್ಟಿತು. ಅವನ ಕಂಚಿನ ಕೆಲಸ ನೋಡಿದರೆ ನನಗೆ ಅವನ ಪಕ್ಷವೇ ಸರಿ ಎನಿಸುತ್ತದೆ. ಕೈಯಲ್ಲಿ ವಿದ್ಯೆ ಇದ್ದವನನ್ನು ಕಟ್ಟಿಹಾಕುವುದು ಹೇಗೆ?

ಮುಲಾಮಿನ ಬಗ್ಗೆ ಸ್ವಲ್ಪ ನಿಲ್ಲೋಣ. ವೆರ್ಸೈನಲ್ಲಿ ಹೊಳೆಯುವುದೆಲ್ಲ ಚಿನ್ನದ ಗಟ್ಟಿ ಅಲ್ಲ, ಕಂಚಿನ ಮೇಲೆ ಹಚ್ಚಿದ ಚಿನ್ನ. ಪಾದರಸದಲ್ಲಿ ಚಿನ್ನ ಬೆರೆಸಿ ಬೆಣ್ಣೆಯಂಥ ಮುದ್ದೆ ಮಾಡುತ್ತಾರೆ. ಅದನ್ನು ಕಂಚಿಗೆ ಹಚ್ಚಿ ಕೆಂಡದ ಮೇಲೆ ಕಾಯಿಸುತ್ತಾರೆ. ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ಕಂಚಿನ ಮೈ ಹಿಡಿದು ನಿಲ್ಲುತ್ತದೆ. ಆ ಆವಿ ಹೋಗುವುದು ಎಲ್ಲಿಗೆ? ಕೆಲಸಗಾರನ ಶ್ವಾಸಕೋಶಕ್ಕೆ. ಕೈ ನಡುಗುವುದು, ಹಲ್ಲು ಬೀಳುವುದು, ಚಿಕ್ಕ ವಯಸ್ಸಿಗೇ ಸಾಯುವುದು, ಇವೆಲ್ಲ ಆ ಕಸುಬಿನ ಜೊತೆಗೇ ಬರುತ್ತಿದ್ದವು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಮೇಜಿನ ಮೇಲೂ ಇಲ್ಲ.

ಹೆಸರು ಎಂದೆನಲ್ಲ, ಅದಕ್ಕೂ ಒಂದು ನಿಯಮ ಇತ್ತು. 18ನೇ ಶತಮಾನದ ನಡುವಿನಿಂದ ಪ್ರತಿ ಯಜಮಾನ ಬಡಗಿಯೂ ತನ್ನ ಕೆಲಸದ ಮೇಲೆ ಹೆಸರಿನ ಮುದ್ರೆ ಒತ್ತಬೇಕು. ಕಬ್ಬಿಣದ ಅಚ್ಚು ಇಟ್ಟು ಸುತ್ತಿಗೆಯಿಂದ ಹೊಡೆಯುವುದು. ಸಂಘದವರು ಪರೀಕ್ಷೆ ಮಾಡಿ ‘ಜೆಎಂಇ’ ಎಂದು ತಮ್ಮ ಮುದ್ರೆಯನ್ನೂ ಹಾಕುತ್ತಿದ್ದರು. ಇವು ಕಾಣುವ ಜಾಗದಲ್ಲಿ ಇರುವುದಿಲ್ಲ. ಕುರ್ಚಿಯ ಚೌಕಟ್ಟಿನ ಅಡಿ, ಬೀರುವಿನ ಅಮೃತಶಿಲೆಯ ಹಲಗೆ ಎತ್ತಿದರೆ ಅದರ ಕೆಳಗೆ, ಹಿಂದಿನ ಕಾಲಿನ ಒಳಮೈಯಲ್ಲಿ. ಒಬ್ಬ ದೊಡ್ಡ ಎಬೆನಿಸ್ತ್‌ನ ಮುದ್ರೆ ‘ಬಿವಿಆರ್‌ಬಿ’ ಎಂದು ಬರೀ ನಾಲ್ಕು ಅಕ್ಷರ. ಅವನು ಬೆರ್ನಾರ್ ವಾನ್ ರೀಸೆನ್‌ಬರ್ಗ್ ಎಂದು ಗೊತ್ತಾದದ್ದು 1957ರಲ್ಲಿ. ಅಲ್ಲಿಯವರೆಗೆ ಎಷ್ಟೋ ಲಕ್ಷ ಬೆಲೆಯ ಬೀರುಗಳನ್ನು ಮಾಡಿದವನು ಬರೀ ನಾಲ್ಕು ಅಕ್ಷರವಾಗಿದ್ದ.

ಆದರೆ ರಾಜನಿಗಾಗಿ ನೇರವಾಗಿ ದುಡಿಯುವವರಿಗೆ ಈ ಮುದ್ರೆಯ ನಿಯಮ ಇರಲಿಲ್ಲ. ಲೂವ್ರ್, ಗೋಬೆಲಾಂ, ಆರ್ಸನಲ್ ಎಂಬ ಶಸ್ತ್ರಾಗಾರ, ಈ ಜಾಗಗಳಲ್ಲಿ ರಾಜನ ಆಶ್ರಯದಲ್ಲಿ ಇದ್ದವರನ್ನು ಸಂಘ ಮುಟ್ಟುವ ಹಾಗಿರಲಿಲ್ಲ. ಹಾಗಾಗಿ ಎಷ್ಟೋ ಅತ್ಯುತ್ತಮ ರಾಜ ಪೀಠೋಪಕರಣಗಳ ಮೇಲೆ ಮಾಡಿದವನ ಹೆಸರೇ ಇಲ್ಲ. ಅವನ್ನು ಗುರುತು ಹಿಡಿಯುವುದು ಹೇಗೆಂದು ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಮೇಜಿಗೆ ವಾಪಸ್ ಹೋಗೋಣ.

ಜಾನ್-ಫ್ರಾನ್ಸ್ವಾ ಓಬೆನ್ ಹುಟ್ಟಿದ್ದು 1721ರಲ್ಲಿ, ಈಗಿನ ಜರ್ಮನಿಯ ಹೈನ್ಸ್‌ಬರ್ಗ್‌ನಲ್ಲಿ. ಫ್ರೆಂಚ್ ರಾಜನ ಮೇಜನ್ನು ಜರ್ಮನಿಯವನು ಮಾಡಿದನೇ ಎಂದು ಆಶ್ಚರ್ಯ ಬೇಡ. ಆಗ ಪ್ಯಾರಿಸ್ಸಿನ ಒಳ್ಳೆಯ ಎಬೆನಿಸ್ತ್‌ರಲ್ಲಿ ಜರ್ಮನಿ, ಹಾಲೆಂಡ್ ಕಡೆಯಿಂದ ಬಂದವರು ಬಹಳ. ಊರಿನ ಪೂರ್ವಕ್ಕೆ ಸ್ಯಾಂತ್-ಆಂತ್ವಾನ್ ಎಂಬ ಕೇರಿ. ಅಲ್ಲಿ ಸಂಘದ ಹಿಡಿತ ನಡೆಯುತ್ತಿರಲಿಲ್ಲ. ಹೊರಗಿನಿಂದ ಬಂದವರು ಅಲ್ಲಿ ಬಾಡಿಗೆಗೆ ಒಂದು ಅಂಗಳ ಹಿಡಿದು ಕೆಲಸ ಶುರು ಮಾಡುತ್ತಿದ್ದರು. ನಮ್ಮ ಮಂಡಿ ಮೊಹಲ್ಲಾದ ಓಣಿಗಳನ್ನು ನೆನಪಿಸಿಕೊಳ್ಳಿ. ಮನೆಮನೆಯಲ್ಲಿ ಗರಗಸದ ಸದ್ದು, ಬಾಗಿಲ ಮುಂದೆ ಮರದ ಹೊಟ್ಟು.

ಓಬೆನ್‌ಗೆ ಯಂತ್ರಗಳ ಹುಚ್ಚು. ರಾಜನ ಪ್ರೇಯಸಿ ಮದಾಂ ದ ಪೊಂಪಾದೂರ್‌ಗೆ ಒಂದು ಪುಟ್ಟ ಮೇಜು ಮಾಡಿದ. ಅದು ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಅದರ ಮೇಲ್ಭಾಗ ಹಿಂದಕ್ಕೆ ಸರಿದರೆ ಡ್ರಾಯರ್ ತಾನಾಗಿ ಮುಂದಕ್ಕೆ ಬರುತ್ತದೆ. ಮೇಜಿನ ಜಾಗ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ರಾಜನ ಮೊಮ್ಮಗನೊಬ್ಬ ಕಾಯಿಲೆ ಬಿದ್ದು ನಡೆಯಲಾರದೆ ಇದ್ದ. ಆ ಹುಡುಗನಿಗೆ ಯಂತ್ರದ ಕುರ್ಚಿ ಮಾಡಿಕೊಟ್ಟವನೂ ಓಬೆನ್. 1761ರಲ್ಲಿ, ಹತ್ತು ವರ್ಷ ತುಂಬುವ ಮೊದಲೇ ಆ ಮಗು ತೀರಿಕೊಂಡಿತು.

1760ರಲ್ಲಿ ರಾಜನ ಮೇಜಿನ ಕೆಲಸ ಸಿಕ್ಕಿತು. ಓಬೆನ್ ನಕ್ಷೆ ಮಾಡಿದ, ಯಂತ್ರ ಯೋಚಿಸಿದ, ಮೈ ಕಟ್ಟಲು ಶುರು ಮಾಡಿದ. 1763ರ ಜನವರಿಯಲ್ಲಿ ತೀರಿಕೊಂಡ. ವಯಸ್ಸು 41. ಮನೆಯಲ್ಲಿ ಹೆಂಡತಿ, ಚಿಕ್ಕ ಮಕ್ಕಳು, ತಲೆಯ ಮೇಲೆ ಸಾಲ, ಕಾರ್ಯಾಗಾರದಲ್ಲಿ ಅರ್ಧಕ್ಕೆ ನಿಂತ ರಾಜನ ಮೇಜು.

ಆ ಹೆಂಡತಿಯ ಹೆಸರು ಫ್ರಾನ್ಸ್ವಾಸ್-ಮಾರ್ಗೆರಿತ್ ವಾಂದರ್‌ಕ್ರೂಸ್. ಅವರ ತವರೂ ಬಡಗಿಯರ ಮನೆಯೇ. ಸಂಘದ ನಿಯಮದಲ್ಲಿ ಒಂದು ಒಳ್ಳೆಯ ಅಂಶ ಇತ್ತು. ಯಜಮಾನ ಸತ್ತರೆ ವಿಧವೆ ಅವನ ಮುದ್ರೆ ಇಟ್ಟುಕೊಂಡು ಕಾರ್ಯಾಗಾರ ನಡೆಸಬಹುದು. ಅವರು ಹಾಗೇ ನಡೆಸಿದರು. ಕೆಲಸಗಾರರಲ್ಲಿ ಇಬ್ಬರು ತುಂಬಾ ಚೂಟಿ. ಒಬ್ಬ ಲಲ್ಯೂ, ಇನ್ನೊಬ್ಬ ಜಾನ್-ಆನ್ರಿ ರೀಸೆನರ್. ಕಾರ್ಯಾಗಾರದ ಹೊಣೆಯನ್ನು ಅವರು ರೀಸೆನರ್‌ಗೆ ಕೊಟ್ಟರು. ಲಲ್ಯೂ ಮುನಿಸಿಕೊಂಡು ಹೊರಟು ತನ್ನದೇ ದಾರಿ ನೋಡಿಕೊಂಡ. 1767ರಲ್ಲಿ ರೀಸೆನರ್ ಅವರನ್ನೇ ಮದುವೆಯಾದ. ಮರುವರ್ಷ ಯಜಮಾನ ಬಡಗಿಯಾದ. ಅಲ್ಲಿಯವರೆಗೆ ಆ ಕಾರ್ಯಾಗಾರದಿಂದ ಹೊರಟ ಸಾಮಾನಿನ ಮೇಲೆ ಬೀಳುತ್ತಿದ್ದದ್ದು ತೀರಿಕೊಂಡ ಓಬೆನ್‌ನ ಮುದ್ರೆಯೇ. ಆ ಐದು ವರ್ಷ ಹಿಡಿದು ನಿಲ್ಲಿಸಿದ್ದು ಆ ಹೆಂಗಸು. ಪುಸ್ತಕಗಳಲ್ಲಿ ಅವರಿಗೆ ಸಿಗುವುದು ಒಂದು ಸಾಲು. ಅದು ನನಗೆ ತುಂಬಾ ಬೇಸರದ ವಿಷಯ. ಅವರ ಮಗಳು ವಿಕ್ತ್ವಾರ್ ಓಬೆನ್ ಮುಂದೆ ತಾಯಿಯಾದಳು. ಆ ಮಗನೇ ದೊಡ್ಡ ಚಿತ್ರಕಾರ ಯೂಜೆನ್ ದಲಾಕ್ರುವಾ.

1769ರಲ್ಲಿ ಮೇಜು ರಾಜನ ಕೋಣೆ ಸೇರಿತು. ಓಬೆನ್ ಮತ್ತು ರೀಸೆನರ್ ಇಬ್ಬರೇ ಅಲ್ಲ, ಇನ್ನೂ ಎಷ್ಟೋ ಕೈಗಳು ಅದರಲ್ಲಿವೆ. ಕಂಚಿನ ಮಾದರಿ ದ್ಯುಪ್ಲೆಸಿಯದು, ಎರಕ ಎರ್ವ್ಯೂದು. ಗಡಿಯಾರ ಲೆಪೀನ್ ಮಾಡಿದ್ದು. ಅದಕ್ಕೆ ಎರಡು ಮುಖ. ರಾಜ ಕೂತ ಕಡೆಯಿಂದಲೂ ಕಾಣಬೇಕು, ಎದುರು ನಿಂತವನಿಗೂ ಕಾಣಬೇಕು. ಈಗ ಮೇಜಿನ ಮರ ಜೇನುಬಣ್ಣಕ್ಕೆ ತಿರುಗಿದೆ. ಆಗ ಹಾಗಿರಲಿಲ್ಲ. ಆ ಕಾಲದ ಮಾರ್ಕೆಟ್ರಿಯಲ್ಲಿ ಎಲೆಗೆ ಹಸಿರು, ಹೂವಿಗೆ ಕೆಂಪು, ನೀಲಿ ಬಣ್ಣ ಕುದಿಸಿದ ಮರ ಹಾಕುತ್ತಿದ್ದರು. ಎರಡೂವರೆ ಶತಮಾನದ ಬೆಳಕು ಅದನ್ನೆಲ್ಲ ತಿಂದುಹಾಕಿದೆ. ಬೆಳಕು ಬೀಳದ ಒಳಮೈಗಳಲ್ಲಿ ಮಾತ್ರ ಹಳೆಯ ಬಣ್ಣದ ಸುಳಿವು ಸಿಗುತ್ತದೆ. ನಿಮ್ಮ ಕೆಲಸವನ್ನು ಗಿರಾಕಿಗೆ ಕೊಡುವಾಗ ಬಿಸಿಲಿಗೆ ಇಡಬೇಡಿ ಎಂದು ಹೇಳುವುದನ್ನು ಮರೆಯಬೇಡಿ.

ಮರ ಎಲ್ಲಿಂದ ಬಂತು ಎಂದು ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಒಳಗಿನ ಓಕ್ ಯುರೋಪಿನದು. ಮೇಲಿನ ನೇರಳೆ ಮರ, ಗುಲಾಬಿ ಗೆರೆಯ ಮರ ಬಂದದ್ದು ದಕ್ಷಿಣ ಅಮೆರಿಕದಿಂದ, ಮಹಾಗನಿ ಕೆರಿಬಿಯನ್ ದ್ವೀಪಗಳಿಂದ. ಫ್ರಾನ್ಸಿನವರು ಇವನ್ನೆಲ್ಲ ಒಟ್ಟಾಗಿ ‘ಇಂಡೀಸ್ ಮರ’ ಎಂದು ಕರೆದರು. ಆ ದ್ವೀಪಗಳಲ್ಲಿ ಮರ ಕಡಿದವರು, ಸಾಗಿಸಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಮೇಜಿನ ಕಥೆಯಲ್ಲಿ ಅವರೂ ಇದ್ದಾರೆ.

ಇನ್ನು ಜಪಾನಿನ ಲ್ಯಾಕರ್ ಇದೆ. ನಮ್ಮ ಚನ್ನಪಟ್ಟಣದ ಅರಗು ಕೀಟದಿಂದ ಬರುತ್ತದೆ, ಜಪಾನಿನದು ಒಂದು ಮರದ ರಸ. ಕಪ್ಪು ನೆಲದ ಮೇಲೆ ಚಿನ್ನದ ಬೆಟ್ಟ, ಮರ, ಹಕ್ಕಿ. ಪ್ಯಾರಿಸ್ಸಿನ ವ್ಯಾಪಾರಿಗಳು ಜಪಾನಿನ ಪೆಟ್ಟಿಗೆಗಳನ್ನು ಕೊಂಡು, ಹಲಗೆಯನ್ನು ಸೀಳಿ, ಚಿತ್ರ ಇರುವ ಮೇಲ್ಪದರವನ್ನು ಕಾಗದದಷ್ಟು ತೆಳ್ಳಗೆ ಮಾಡಿಸುತ್ತಿದ್ದರು. ಎಬೆನಿಸ್ತ್ ಅದನ್ನು ಬೀರುವಿನ ಉಬ್ಬಿದ ಮೈಗೆ ಬಗ್ಗಿಸಿ ಅಂಟಿಸಬೇಕು. ಬಿರುಕು ಬಿಟ್ಟರೆ ಜಪಾನಿಗೆ ಹೋಗಿ ಇನ್ನೊಂದು ತರಲು ಆಗುವುದಿಲ್ಲ. 1737ರಲ್ಲಿ ರಾಣಿ ಮರಿ ಲೆಶ್ಚಿನ್ಸ್ಕಾಗೆ ಇಂಥ ಬೀರು ಮಾಡಿದವನು ಆ ನಾಲ್ಕಕ್ಷರದ ಬಿವಿಆರ್‌ಬಿ. ಚೀನಾದ ಲ್ಯಾಕರ್ ಪರದೆಗಳನ್ನೂ ಹೀಗೇ ಬಳಸುತ್ತಿದ್ದರು. ಅವಕ್ಕೆ ಬಂದ ಹೆಸರು ಕೋರಮಂಡಲ್. ಚೀನಾದ ಸಾಮಾನು ನಮ್ಮ ಪೂರ್ವ ಕರಾವಳಿಯ ಬಂದರುಗಳ ಮೂಲಕ ಹೋಗುತ್ತಿತ್ತು, ಹಾಗಾಗಿ ಚೋಳಮಂಡಲದ ಹೆಸರು ಚೀನಾದ ಪರದೆಗೆ ಅಂಟಿಕೊಂಡಿತು.

ಈಗ ನಮ್ಮ ಊರಿನ ಮಾತು. 1788ರ ಬೇಸಿಗೆಯಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಫ್ರಾನ್ಸ್ ತಲುಪಿದರು. ಆಗಸ್ಟ್ 10ರಂದು 16ನೇ ಲೂಯಿ ವೆರ್ಸೈನಲ್ಲಿ ಅವರನ್ನು ಬರಮಾಡಿಕೊಂಡ. ಅವರನ್ನು ಇಳಿಸಿದ್ದು ಎಲ್ಲಿ ಗೊತ್ತೇ? ಗ್ರಾಂ ತ್ರಿಯಾನೋಂನಲ್ಲಿ. ಬೂಲ್ ಎಂಬತ್ತು ವರ್ಷ ಹಿಂದೆ ಜೋಡಿ ಬೀರು ಮಾಡಿಕೊಟ್ಟ ಅದೇ ಅರಮನೆ. ಶ್ರೀರಂಗಪಟ್ಟಣದ ಕಡೆಯವರು ಆ ಕೋಣೆಗಳಲ್ಲಿ ಓಡಾಡಿದ್ದಾರೆ. ಟಿಪ್ಪುವಿಗೆ ಬೇಕಾಗಿದ್ದದ್ದು ಬ್ರಿಟಿಷರ ವಿರುದ್ಧ ಸೈನ್ಯದ ನೆರವು. ಅದು ಸಿಗಲಿಲ್ಲ. ಅದರ ಜೊತೆಗೆ ಅವನು ಕುಶಲಕರ್ಮಿಗಳನ್ನೂ ಕೇಳಿದ್ದ. ಗಡಿಯಾರ ಮಾಡುವವರು, ಗಾಜು ಮಾಡುವವರು, ಪಿಂಗಾಣಿ ಮಾಡುವವರು ಬೇಕು ಎಂದಿದ್ದ. ಸೈನ್ಯ ಕೇಳುವ ಹೊತ್ತಿನಲ್ಲೂ ಕಸುಬಿನವರನ್ನು ಕೇಳಿದ ಎನ್ನುವುದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಅಷ್ಟು ಹೊತ್ತಿಗೆ ರೀಸೆನರ್‌ನ ಒಳ್ಳೆಯ ದಿನಗಳು ಮುಗಿದಿದ್ದವು. 1774ರಿಂದ ಹತ್ತು ವರ್ಷ ಅವನು ಅರಮನೆಗೆ ಕೊಟ್ಟ ಸಾಮಾನಿನ ಬೆಲೆ 9 ಲಕ್ಷ ಲಿವ್ರ್‌ಗೂ ಜಾಸ್ತಿ. ಕೂಲಿಯವನಿಗೆ ದಿನಕ್ಕೆ ಒಂದು, ಒಂದೂವರೆ ಲಿವ್ರ್ ಸಿಗುತ್ತಿದ್ದ ಕಾಲ ಅದು. ಬೊಕ್ಕಸ ಬರಿದಾಗುತ್ತಾ ಬಂತು. 1784ರಲ್ಲಿ ಅರಮನೆಯ ಉಗ್ರಾಣಕ್ಕೆ ಹೊಸ ಅಧಿಕಾರಿ ಬಂದ. ರೀಸೆನರ್ ದುಬಾರಿ ಎಂದು ಬೇರೆಯವರಿಗೆ ಕೆಲಸ ಕೊಟ್ಟ. ರಾಣಿ ಮೇರಿ ಆಂಟೊನೆಟ್ ಮಾತ್ರ ಅವನನ್ನು ಬಿಡಲಿಲ್ಲ.

1789ರ ಜುಲೈ 14. ಬಾಸ್ಟೀಲ್ ಕೋಟೆಗೆ ಜನ ನುಗ್ಗಿದರು. ಆ ಕೋಟೆ ಇದ್ದದ್ದು ಸ್ಯಾಂತ್-ಆಂತ್ವಾನ್ ಕೇರಿಯ ಬಾಯಲ್ಲೇ. ಕೋಟೆ ಗೆದ್ದವರು ಎಂದು ಆಮೇಲೆ ಸರ್ಕಾರ ಮಾಡಿದ ಪಟ್ಟಿಯಲ್ಲಿ ಮರಗೆಲಸದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅರಮನೆಗೆ ಕುರ್ಚಿ, ಬೀರು ಮಾಡಿಕೊಟ್ಟ ಕೇರಿಯದೇ ಜನ.

1793ರಲ್ಲಿ 16ನೇ ಲೂಯಿಯ ತಲೆ ಹೋಯಿತು. ಅದೇ ವರ್ಷ ಆಗಸ್ಟ್ 25ರಂದು ವೆರ್ಸೈನ ಸಾಮಾನಿನ ಹರಾಜು ಶುರುವಾಗಿ, ಮುಂದಿನ ಆಗಸ್ಟ್ 11ರವರೆಗೆ ನಡೆಯಿತು. 17,182 ಲಾಟ್‌ಗಳಾಗಿ ಸಾಮಾನು ಹರಾಜಿಗೆ ಬಂತು. ಇಂಗ್ಲೆಂಡಿನ ಸಿರಿವಂತರ ಮನೆಗಳಿಗೆ ಎಷ್ಟೋ ಸೇರಿದ್ದು ಆ ಹರಾಜಿನ ಕೈಬದಲಾವಣೆಯಿಂದಲೇ. ಅಲ್ಲಿ ಕೊಂಡವರಲ್ಲಿ ರೀಸೆನರ್ ಕೂಡ ಇದ್ದ. ತಾನು ಮಾಡಿದ್ದನ್ನೇ ಕಡಿಮೆ ಬೆಲೆಗೆ ಕೊಂಡ. ಮುಂದೆ ಒಳ್ಳೆಯ ಕಾಲ ಬಂದಾಗ ಮಾರಬಹುದು ಎಂದುಕೊಂಡಿದ್ದ. ಆ ಕಾಲ ಬರಲಿಲ್ಲ. ಜನರ ರುಚಿಯೇ ಬದಲಾಗಿತ್ತು. 1806ರಲ್ಲಿ ತೀರಿಕೊಂಡ.

ಈ ಸಾಮಾನು ಲೋಕವೆಲ್ಲ ಚದುರಿತಲ್ಲ, ಯಾವುದು ಯಾರದು ಎಂದು ಮತ್ತೆ ಗೊತ್ತಾದದ್ದು ಹೇಗೆ? ಅದಕ್ಕೆ ಕಾರಣ ಗುಮಾಸ್ತರು. ಅರಮನೆಯ ಉಗ್ರಾಣಕ್ಕೆ ಗಾರ್ದ್-ಮಬ್ಲ್ ಎಂದು ಹೆಸರು. 17ನೇ ಶತಮಾನದಿಂದಲೇ ಅಲ್ಲಿ ದಿನಚರಿ ಬರೆಯುತ್ತಿದ್ದರು. ಯಾವ ದಿನ, ಯಾರು, ಎಷ್ಟು ಉದ್ದ ಅಗಲದ ಯಾವ ಸಾಮಾನು ತಂದ, ಅದು ಯಾವ ಕೋಣೆಗೆ ಹೋಯಿತು. ಅದೇ ಸಂಖ್ಯೆಯನ್ನು ಸಾಮಾನಿನ ಹಿಂದೆ ಕುಂಚದಿಂದ ಬರೆಯುತ್ತಿದ್ದರು. ವೆರ್ಸೈನದಾದರೆ ಕಿರೀಟದ ಕೆಳಗೆ ಎರಡು ‘ವಿ’ ಕೂಡಿಸಿದ ಸುಟ್ಟ ಗುರುತು. ಪಿಯೆರ್ ವೆರ್ಲೆ ಎಂಬ ಲೂವ್ರ್ ಮ್ಯೂಸಿಯಂ ವಿದ್ವಾಂಸ 20ನೇ ಶತಮಾನದಲ್ಲಿ ಆ ದಿನಚರಿ ಹಿಡಿದು ಕೂತ. ಸಂಖ್ಯೆಗೆ ಸಂಖ್ಯೆ ತಾಳೆ ನೋಡಿದ. ಮುದ್ರೆ ಇಲ್ಲದ ಬೀರುಗಳಿಗೂ ಹೀಗೆ ಅಪ್ಪ ಅಮ್ಮ ಸಿಕ್ಕರು. ಸುಮ್ನೆ ಕಣ್ಣಿಗೆ ಚೆಂದ ಕಂಡದ್ದನ್ನು ನಂಬಬೇಡಿ, ತಿರುಗಿಸಿ ನೋಡಿ ಎಂದು ನಾನು ಹೇಳುವುದು ಇದಕ್ಕೇ.

ತಿರುಗಿಸಿ ನೋಡುವುದನ್ನು ಕಲಿತವರೇ ಮೋಸ ಮಾಡುವುದೂ ಉಂಟು. ಈಚೆಗೆ ಆ ಕಾಲದ ಕುರ್ಚಿಗಳ ದೊಡ್ಡ ಪಂಡಿತ ಎನಿಸಿಕೊಂಡವನೊಬ್ಬ ಮತ್ತು ಹೆಸರುವಾಸಿ ಮರ ಕೆತ್ತನೆಗಾರನೊಬ್ಬ ಸೇರಿ ನಕಲಿ ರಾಜಕುರ್ಚಿಗಳನ್ನು ಮಾಡಿದರು. ವೆರ್ಸೈ ಅರಮನೆಯೇ ಕೆಲವನ್ನು ಕೊಂಡಿತು. 2016ರಲ್ಲಿ ವಿಷಯ ಬಯಲಾಯಿತು, 2025ರಲ್ಲಿ ಕೋರ್ಟು ಇಬ್ಬರನ್ನೂ ತಪ್ಪಿತಸ್ಥರು ಎಂದಿತು. ಒಬ್ಬ ವ್ಯಾಪಾರಿಗೆ ಮೊದಲೇ ಅನುಮಾನ ಬಂದು ಕುರ್ಚಿಯ ಮರವನ್ನು ನಾಲಿಗೆಯಿಂದ ನೆಕ್ಕಿ ನೋಡಿದ್ದ. ಜೇಷ್ಠಮಧುವಿನ ರುಚಿ. ಹೊಸ ಮರಕ್ಕೆ ಹಳೆಯ ಬಣ್ಣ ಬರಲು ಅದನ್ನು ಹಚ್ಚಿದ್ದರು. ಕೆಲಸ ಬಲ್ಲ ಕೈಗಳು ಹೀಗೆ ಹಾಳಾದದ್ದು ಕಂಡು ನನಗೆ ನಿಜವಾಗಿ ನೋವಾಯಿತು. 19ನೇ ಶತಮಾನದಲ್ಲಿ ರಾಜನ ಮೇಜನ್ನೇ ನೋಡಿ ನೋಡಿ ಅದರ ಪ್ರತಿ ಮಾಡಿದವರಿದ್ದಾರೆ. ಅದು ಪ್ರತಿ ಎಂದು ಹೇಳಿಯೇ ಮಾಡಿದರು. ಅಂಥ ಒಂದು ಪ್ರತಿ ಲಂಡನ್ನಿನ ವಾಲೇಸ್ ಕಲೆಕ್ಷನ್‌ನಲ್ಲಿದೆ. ಕೆಲಸ ಅದ್ಭುತವಾಗಿದೆ.

ಅಸಲಿ ಮೇಜು ಹರಾಜಿಗೆ ಹೋಗಲಿಲ್ಲ. ಪ್ಯಾರಿಸ್ಸಿನಲ್ಲೇ ಉಳಿದು, ಲೂವ್ರ್ ಸೇರಿ, 1957ರಲ್ಲಿ ವೆರ್ಸೈಗೆ ವಾಪಸ್ ಬಂತು. ಆದರೆ ಕ್ರಾಂತಿಯ ದಿನಗಳಲ್ಲಿ ಅದರ ಮೈಮೇಲಿನ ರಾಜಚಿಹ್ನೆಗಳನ್ನು ತೆಗೆದುಹಾಕಿದ್ದರು. ಆ ಜಾಗದಲ್ಲಿ ಈಗ ಇರುವುದು ಸೆವ್ರ್ ಕಾರ್ಖಾನೆಯ ಪಿಂಗಾಣಿ ಫಲಕ. 1794ರಲ್ಲಿ ಹೊಸ ಸರ್ಕಾರ ಹೀಗೆ ಚಿಹ್ನೆ ತೆಗೆಯುವ ಕೆಲಸಕ್ಕೆ ಕರೆಸಿದ್ದು ರೀಸೆನರ್‌ನನ್ನೇ. ಕೂರಿಸಲು ವರ್ಷಗಟ್ಟಲೆ ದುಡಿದಿದ್ದ ಕಿರೀಟ, ಲಿಲ್ಲಿ ಹೂವುಗಳನ್ನು ಅವನೇ ಉಳಿ ಹಿಡಿದು ಎಬ್ಬಿಸಬೇಕಾಯಿತು.

ಕೊನೆಯ ಚಿತ್ರ ಇದು. ಮಾರ್ಕೆಟ್ರಿಯನ್ನೇ ದೊಡ್ಡದಾಗಿ ತೋರಿಸಿದ್ದೇನೆ. ಮರದ ಚೂರುಗಳಲ್ಲೇ ಜೋಡಿಸಿದ ಅಕ್ಷರಗಳು ಕಾಣುತ್ತವೆಯೇ? ‘ರೀಸೆನರ್, 1769, ಪ್ಯಾರಿಸ್ಸಿನ ಆರ್ಸನಲ್’ ಎಂದಿದೆ. ಅದನ್ನು ಯಾರೂ ಎಬ್ಬಿಸಲಿಲ್ಲ. ಓಬೆನ್‌ನ ಹೆಸರು ಅಲ್ಲಿಲ್ಲ. ಮಸಿಯ ಡ್ರಾಯರ್ ಎಳೆದರೆ ಇವತ್ತಿಗೂ ಬರುತ್ತದೆ.